ಮನೆಯವರ ಸಾಕೆಟ್ಟು, ನಮ್ಮ ಸಂಘದ ಸಾಲ
(ಮುರುಗಮಲ್ಲದಲ್ಲಿ ನಡೆದ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳು)



ಪ್ರತಿ ಸಭೆಯಲ್ಲೂ ನಾವು ಉಳಿತಾಯ, ಆರೋಗ್ಯ, ಹಸು ಸಾಕಣೆ, ರೇಷ್ಮೆ, ಮಕ್ಕಳ ಓದು ಅಂತ ಮಾತಾಡ್ತೇವೆ. ಇವತ್ತಿನ ವಿಷಯ ಕೇಳಿ ಕೆಲವರು ನಕ್ಕಿದ್ದೀರಿ. "ಸಾಕೆಟ್ ಬಗ್ಗೆ ನಮಗ್ಯಾಕಮ್ಮಾ? ಅದು ಗಂಡಸರ ವಿಷಯ" ಅಂತ ಹಿಂದೆ ಕೂತವರು ಅಂದದ್ದು ನಮಗೂ ಕೇಳಿಸಿತು. ಪರವಾಗಿಲ್ಲ. ಆದರೆ ಆ ಸಾಕೆಟ್ ಕೊಳ್ಳುವ ದುಡ್ಡು ಯಾರ ಸಾಲದ ಪುಸ್ತಕದಲ್ಲಿ ಬರೆದಿದೆ? ನಮ್ಮ ಪುಸ್ತಕದಲ್ಲಿ. ಕಂತು ಕಟ್ಟೋರು ಯಾರು? ನಾವೇ. ಹಾಗಾದರೆ ವಿಷಯವೂ ನಮ್ಮದೇ.

ಮುರುಗಮಲ್ಲಕ್ಕೆ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಅಂತ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಬೆಟ್ಟದ ಮುಕ್ತೀಶ್ವರ ದೇವಸ್ಥಾನಕ್ಕೂ ಬರ್ತಾರೆ. ಉರುಸಿನ ಸಮಯದಲ್ಲಿ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಇನ್ನೊಂದು ಕಡೆ ಟೊಮ್ಯಾಟೊ ತುಂಬಿಕೊಂಡು ಚಿಂತಾಮಣಿ ಮಂಡಿಗೆ ಹೋಗುವ ಗೂಡ್ಸ್ ಗಾಡಿಗಳು, ಗೂಡು ತೆಗೆದುಕೊಂಡು ಶಿಡ್ಲಘಟ್ಟಕ್ಕೆ ಹೋಗುವ ಬೈಕುಗಳು, ಟ್ರಾಕ್ಟರುಗಳು. ಇಷ್ಟು ಗಾಡಿ ಓಡಾಡುವ ಕಡೆ ಪಂಕ್ಚರ್ ಅಂಗಡಿ, ಗ್ಯಾರೇಜು ಇದ್ದೇ ಇರ್ತವೆ. ಅಲ್ಲಿ ಕೆಲಸ ಮಾಡೋರು ಯಾರು? ನಮ್ಮ ಗಂಡಂದಿರು, ಮಕ್ಕಳು, ತಮ್ಮಂದಿರು. ಹಸುವಿಗೆ ಸಾಲ ಕೊಡುವಾಗ ನಾವು ಕೆಚ್ಚಲು ನೋಡ್ತೇವೆ, ಹಲ್ಲು ನೋಡ್ತೇವೆ, ಎಷ್ಟನೇ ಕರು ಅಂತ ಕೇಳ್ತೇವೆ. ಗ್ಯಾರೇಜಿನ ಸಾಮಾನಿಗೆ ಸಾಲ ಕೊಡುವಾಗ ಮಾತ್ರ ಏನೂ ಕೇಳದೆ ಸಹಿ ಹಾಕ್ತೇವೆ. ಇದು ಸರಿಯಲ್ಲ ಅಂತ ನಾವು ಕಲಿತದ್ದು ಒಂದು ಪೆಟ್ಟು ತಿಂದ ಮೇಲೆ.

ನಡೆದ ಸಂಗತಿ

ನಮ್ಮ ಒಂದು ಸಂಘದ ಸದಸ್ಯೆ. ಹೆಸರು ಬೇಡ. ಅವರ ಮನೆಯವರು ರಸ್ತೆ ಪಕ್ಕದಲ್ಲಿ ಶೆಡ್ ಹಾಕಿಕೊಂಡು ಬೈಕು, ಆಟೋ, ಸಣ್ಣ ಗೂಡ್ಸ್ ಗಾಡಿ ರಿಪೇರಿ ಮಾಡ್ತಾರೆ. ಒಳ್ಳೆ ಕೈ. ವರ್ಷಗಟ್ಟಲೆ ಪಾನಾ ಹಿಡಿದು, ಕಾಲಲ್ಲಿ ಒತ್ತಿ ಒತ್ತಿ ಚಕ್ರದ ನಟ್ಟು ಬಿಚ್ಚಿ ಸೊಂಟ ನೋವು ಬಂತು. ಒಂದು ಇಂಪ್ಯಾಕ್ಟ್ ಗನ್ ತೆಗೆದುಕೊಂಡರೆ ಕೆಲಸ ಬೇಗ ಆಗುತ್ತೆ ಅಂತ ಆಸೆಪಟ್ಟರು. ಸಂಘದಲ್ಲಿ 8,000 ರೂಪಾಯಿ ಸಾಲ ಕೊಟ್ಟೆವು. ಕರೆಂಟಿನ ಗನ್ ಬಂತು. ಎಲ್ಲರಿಗೂ ಸಂತೋಷ.

ಗನ್ನಿಗೆ ಯಾವ ಸಾಕೆಟ್ ಹಾಕ್ತೀರಿ ಅಂತ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಅವರ ಹತ್ತಿರ ಮೊದಲೇ 900 ರೂಪಾಯಿಗೆ ಕೊಂಡ 40 ಪೀಸಿನ ಹೊಳೆಯುವ ಸೆಟ್ಟು ಇತ್ತು. ಕೈಯಿಂದ ತಿರುಗಿಸುವ ಸಾಕೆಟ್ಟು ಅದು. ಅದನ್ನೇ ಗನ್ನಿಗೆ ಸಿಕ್ಕಿಸಿದರು. ಮೂರು ವಾರ ಏನೂ ಆಗಲಿಲ್ಲ. ಒಂದು ಸಂಜೆ, ಟೊಮ್ಯಾಟೊ ಗಾಡಿಯ ಹಿಂದಿನ ಚಕ್ರ ಬಿಚ್ಚುತ್ತಿದ್ದಾಗ ನಟ್ಟು ತುಕ್ಕು ಹಿಡಿದಿತ್ತು. ಗನ್ ಒತ್ತಿದರು. ಸಾಕೆಟ್ ಎರಡು ಹೋಳಾಗಿ ಸಿಡಿದು ಒಂದು ಚೂರು ಹುಬ್ಬಿನ ಮೇಲೆ ಹೊಡೆಯಿತು. ನಾಲ್ಕು ಹೊಲಿಗೆ. ಅರ್ಧ ಅಂಗುಲ ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು.

ಒಂದು ವಾರ ಶೆಡ್ ಮುಚ್ಚಿತು. ಆಸ್ಪತ್ರೆ ಖರ್ಚು ಬೇರೆ. ಆ ತಿಂಗಳು ಕಂತು ಬರಲಿಲ್ಲ, ಮುಂದಿನ ತಿಂಗಳೂ ಬರಲಿಲ್ಲ. ಸಂಘದಲ್ಲಿ ಜಗಳ. "ಇನ್ನು ಮೇಲೆ ಗ್ಯಾರೇಜಿಗೆ ಸಾಲ ಬೇಡವೇ ಬೇಡ" ಅಂದರು ಕೆಲವರು. ಆ ಅಕ್ಕ ಎರಡು ವಾರ ಸಭೆಗೇ ಬರಲಿಲ್ಲ, ನಾಚಿಕೆಯಿಂದ. ನಾವು ಮನೆಗೆ ಹೋದಾಗ ಒಡೆದ ಸಾಕೆಟ್ಟನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದರು. ತೆಗೆದು ತೋರಿಸಿ, "ತಪ್ಪು ಅವರದ್ದಾ, ಇದರದ್ದಾ ಹೇಳಿ" ಅಂತ ಕೇಳಿದರು. ನಮಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಅನುಭವ ಇರುವ ಮೆಕ್ಯಾನಿಕ್‌ಗಳನ್ನು, ಟೂಲ್ಸ್ ಅಂಗಡಿಯವರನ್ನು ಕೇಳಿ ತಿಳಿದುಕೊಂಡೆವು. ತಿಳಿದದ್ದನ್ನೇ ಇವತ್ತು ನಿಮಗೆ ಹೇಳ್ತಾ ಇದ್ದೇವೆ.

ಯಾಕೆ ಒಡೆಯಿತು?

ಕೈಯಿಂದ ತಿರುಗಿಸುವಾಗ ಬಲ ನಿಧಾನಕ್ಕೆ, ಒಂದೇ ಸಮನೆ ಬೀಳುತ್ತೆ. ಇಂಪ್ಯಾಕ್ಟ್ ಗನ್ ಹಾಗಲ್ಲ. ಅದರೊಳಗೆ ಒಂದು ಸುತ್ತಿಗೆ ಇರುತ್ತೆ. ನಟ್ಟು ಬಿಗಿಯಾದ ಕೂಡಲೇ ಅದು ಟಕಟಕ ಅಂತ ಪೆಟ್ಟು ಹೊಡೆಯುತ್ತೆ, ನಿಮಿಷಕ್ಕೆ ಸಾವಿರಕ್ಕೂ ಮೇಲೆ. ಆ ಪೆಟ್ಟೆಲ್ಲ ಸಾಕೆಟ್ಟಿನ ಮೂಲಕವೇ ನಟ್ಟಿಗೆ ಹೋಗಬೇಕು.

ಇದು ನಮಗೆ ಅರ್ಥವಾಗದ ವಿಷಯವೇನಲ್ಲ. ರಾಗಿ ಕೊಯ್ಯುವ ಕುಡುಗೋಲನ್ನು ಕುಲುಮೆಗೆ ಕೊಡ್ತೇವಲ್ಲ, ಅಲ್ಲಿ ಕಾಯಿಸಿ ನೀರಿಗೆ ಅದ್ದಿ ಹದ ಕೊಡ್ತಾರೆ. ಹದ ಕಡಿಮೆಯಾದರೆ ಬಾಯಿ ಬೇಗ ಮಂಡಾಗುತ್ತೆ. ಹದ ಜಾಸ್ತಿಯಾದರೆ ಕಲ್ಲಿಗೆ ತಾಗಿದ ಕೂಡಲೇ ಚಕ್ಕೆ ಏಳುತ್ತೆ. ಗಟ್ಟಿ ಬೇರೆ, ತಾಳಿಕೆ ಬೇರೆ. ಗಾಜಿನ ಬಳೆಯೂ ಗಟ್ಟಿಯೇ, ಬಿದ್ದರೆ ಉಳಿಯುತ್ತಾ?

ಕೈ ಸಾಕೆಟ್ಟನ್ನು ಸಾಮಾನ್ಯವಾಗಿ ಕ್ರೋಮ್ ವೆನೇಡಿಯಂ ಅನ್ನುವ ಉಕ್ಕಿನಿಂದ ಗಟ್ಟಿಯಾಗಿ, ತೆಳ್ಳಗೆ ಮಾಡ್ತಾರೆ. ಮೇಲೆ ಹೊಳೆಯುವ ಕ್ರೋಮ್ ಲೇಪ ಇರುತ್ತೆ. ಕೈ ಕೆಲಸಕ್ಕೆ ಅದು ಬಹಳ ಒಳ್ಳೆಯದು. ಇಂಪ್ಯಾಕ್ಟ್ ಸಾಕೆಟ್ಟನ್ನು ಹೆಚ್ಚಾಗಿ ಕ್ರೋಮ್ ಮಾಲಿಬ್ಡಿನಂ ಉಕ್ಕಿನಿಂದ ಮಾಡ್ತಾರೆ. ಗೋಡೆ ದಪ್ಪ. ಪೆಟ್ಟು ಬಿದ್ದಾಗ ಸ್ವಲ್ಪ ತಾಳಿಕೊಳ್ಳುವ ಹಾಗೆ ಹದ ಕೊಟ್ಟಿರ್ತಾರೆ. ಲೇಪ ಕಪ್ಪು. ಯಾಕೆ ಹೊಳಪು ಇಲ್ಲ? ಕ್ರೋಮ್ ಲೇಪದ ಮೇಲೆ ಪೆಟ್ಟು ಬಿದ್ದರೆ ಅದು ಚಕ್ಕೆ ಚಕ್ಕೆಯಾಗಿ ಎದ್ದು ಬ್ಲೇಡಿನ ಹಾಗೆ ಕೈ ಕೊಯ್ಯುತ್ತೆ, ಕಣ್ಣಿಗೆ ಸಿಡಿಯುತ್ತೆ.

ಹಾಗಾಗಿ ಆ ಅಕ್ಕನ ಪ್ರಶ್ನೆಗೆ ಉತ್ತರ ಇಷ್ಟು. ಸಾಕೆಟ್ಟಿನದ್ದೂ ಪೂರ್ತಿ ತಪ್ಪಲ್ಲ, ಅದನ್ನು ಆ ಕೆಲಸಕ್ಕೆ ಮಾಡಿರಲಿಲ್ಲ. ಮನೆಯವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಾಲ ಕೊಟ್ಟ ನಾವೂ ಕೇಳಲಿಲ್ಲ. ತಪ್ಪಿನಲ್ಲಿ ನಮಗೂ ಪಾಲಿದೆ.

ಕೊಳ್ಳುವಾಗ ನೋಡಬೇಕಾದದ್ದು

ಮೊದಲನೆಯದು, ಚೌಕದ ಅಳತೆ. ಸಾಕೆಟ್ಟಿನ ಹಿಂಭಾಗದಲ್ಲಿ ಚೌಕದ ತೂತು ಇರುತ್ತೆ, ಗನ್ನಿನ ಮೂತಿ ಅದರೊಳಗೆ ಕೂರುತ್ತೆ. ಬೈಕು, ಕಾರು, ಸಣ್ಣ ಗೂಡ್ಸ್ ಗಾಡಿಗೆ ಅರ್ಧ ಇಂಚು. ದೊಡ್ಡ ಗಾಡಿಗೆ ಮುಕ್ಕಾಲು ಇಂಚು, ಲಾರಿ ಬಸ್ಸಿಗೆ ಒಂದು ಇಂಚು ಕೂಡ ಬೇಕಾಗುತ್ತೆ. ಮನೆಯಲ್ಲಿರುವ ಗನ್ ಯಾವುದು ಅಂತ ಮೊದಲು ಕೇಳಿ. ಅರ್ಧ ಇಂಚಿನ ಗನ್ನಿಗೆ ಅಡಾಪ್ಟರ್ ಹಾಕಿ ಲಾರಿ ನಟ್ಟು ಬಿಚ್ಚುತ್ತೇನೆ ಅಂತ ಹೊರಟರೆ ಗನ್ನೂ ಹೋಗುತ್ತೆ, ಅಡಾಪ್ಟರೂ ಮುರಿಯುತ್ತೆ.

ಎರಡನೆಯದು, ಒಳಗಿನ ಮೂಲೆ. ಆರು ಮೂಲೆಯದ್ದು ಇದೆ, ಹನ್ನೆರಡು ಮೂಲೆಯದ್ದು ಇದೆ. ಗನ್ನಿನ ಕೆಲಸಕ್ಕೆ ಆರು ಮೂಲೆಯದ್ದೇ ತೆಗೆದುಕೊಳ್ಳಿ. ಅದು ನಟ್ಟನ್ನು ಪೂರ್ತಿ ತಬ್ಬಿ ಹಿಡಿಯುತ್ತೆ. ಹನ್ನೆರಡು ಮೂಲೆಯದ್ದು ತುದಿಯಲ್ಲಿ ಮಾತ್ರ ಹಿಡಿಯೋದರಿಂದ ಹಳೇ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತೆ. ಆಮೇಲೆ ಆ ನಟ್ಟು ಒಡೆದೇ ತೆಗೆಯಬೇಕು, ಗಿರಾಕಿ ಹತ್ತಿರ ಮಾತು ಕೇಳಬೇಕು.

ಮೂರನೆಯದು, ಮೈಮೇಲಿನ ಅಕ್ಷರ. ಒಳ್ಳೆ ಸಾಕೆಟ್ಟಿನ ಮೇಲೆ ಕಂಪನಿ ಹೆಸರು, ಅಳತೆ, ಎಷ್ಟೋ ಸಲ ಉಕ್ಕಿನ ಹೆಸರೂ ಕೆತ್ತಿರುತ್ತೆ. ಸ್ಟಿಕ್ಕರ್ ಅಂಟಿಸಿದ್ದು ಎರಡು ದಿನಕ್ಕೆ ಎಣ್ಣೆ ತಾಗಿ ಹೋಗುತ್ತೆ. ಜರ್ಮನಿಯ ಡಿಐಎನ್ 3129, ಅಂತರರಾಷ್ಟ್ರೀಯ ಐಎಸ್‌ಒ 2725-2 ಅಂತ ಡಬ್ಬಿ ಮೇಲೆ ಬರೆದಿದ್ದರೆ, ಅದು ಯಂತ್ರದಿಂದ ತಿರುಗಿಸುವ ಸಾಕೆಟ್ಟಿನ ಅಳತೆಗೆ ಸಂಬಂಧಪಟ್ಟ ಗುರುತು. ಈ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ನಾಲ್ಕನೆಯದು, ಬಣ್ಣಕ್ಕೆ ಮೋಸ ಹೋಗಬೇಡಿ. ಇಂಪ್ಯಾಕ್ಟ್ ಸಾಕೆಟ್ ಕಪ್ಪಗಿರುತ್ತೆ ನಿಜ. ಆದರೆ ಕಪ್ಪಗಿರೋದೆಲ್ಲ ಇಂಪ್ಯಾಕ್ಟ್ ಸಾಕೆಟ್ ಅಲ್ಲ. ಕೈ ಸಾಕೆಟ್ಟಿಗೂ ಕಪ್ಪು ಲೇಪ ಕೊಡಬಹುದು. ಗೋಡೆಯ ದಪ್ಪ ನೋಡಿ. ಅದೇ ಅಳತೆಯ ಕೈ ಸಾಕೆಟ್ಟನ್ನು ಪಕ್ಕಕ್ಕೆ ಇಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ, ಕೈಯಲ್ಲಿ ಹಿಡಿದರೆ ತೂಕವೇ ಹೇಳುತ್ತೆ.

ಐದನೆಯದು, ಪಕ್ಕದ ತೂತು. ಚೌಕದ ಹತ್ತಿರ ಅಡ್ಡಲಾಗಿ ಒಂದು ತೂತು, ಸುತ್ತ ಒಂದು ಕಾಲುವೆ ಇರುತ್ತೆ. ಅದರಲ್ಲಿ ಪಿನ್ ಹಾಕಿ ಮೇಲೆ ರಬ್ಬರ್ ಉಂಗುರ ಕೂರಿಸಿದರೆ ಸಾಕೆಟ್ ಗನ್ನಿನಿಂದ ಹಾರಿಹೋಗಲ್ಲ. ಉಂಗುರದ ಬೆಲೆ ಚಿಲ್ಲರೆ ಕಾಸು. ಅದಕ್ಕೇ ಅಸಡ್ಡೆ ಮಾಡ್ತೇವೆ.

ಆರನೆಯದು, ಕೂರಿಸಿ ನೋಡೋದು. ಮನೆಯಿಂದ ಸವೆಯದ ಒಂದೆರಡು ನಟ್ಟು ತೆಗೆದುಕೊಂಡು ಹೋಗಿ. ಅಂಗಡಿಯಲ್ಲೇ ಸಾಕೆಟ್ಟಿಗೆ ಹಾಕಿ ಅಲ್ಲಾಡಿಸಿ. ಲೊಡಲೊಡ ಅಂದರೆ ಬೇಡ. ಒಳಗೆ ಬೆರಳಾಡಿಸಿ, ಮೂಲೆಗಳು ಒಂದೇ ಸಮ ಇವೆಯಾ, ಸೀಳು ಗೆರೆ ಇದೆಯಾ ನೋಡಿ. ರವಿಕೆ ಬಟ್ಟೆ ಕೊಳ್ಳುವಾಗ ಬಿಸಿಲಿಗೆ ಹಿಡಿದು ನೋಡೋರು ನಾವು, ಇದನ್ನು ನೋಡೋಕೆ ಸಂಕೋಚ ಯಾಕೆ?

ಸೆಟ್ಟು ಬೇಕಾ, ಬಿಡಿಯಾಗಿ ಬೇಕಾ?

ಆ ಅಕ್ಕನ ಮನೆಯವರು 40 ಪೀಸು 900 ರೂಪಾಯಿಗೆ ಸಿಕ್ಕಿತು, ಒಂದಕ್ಕೆ 22 ರೂಪಾಯಿ 50 ಪೈಸೆ ಅಂತ ಖುಷಿಪಟ್ಟಿದ್ದರು. ನಾವು ಡಬ್ಬಿ ತೆಗೆಸಿ ನೋಡಿದೆವು. ಎಣ್ಣೆ ಹಿಡಿದು ಕಪ್ಪಾದವು ಆರೇ ಆರು. ಮಿಕ್ಕ 34 ಅಂಗಡಿಯಿಂದ ತಂದ ಹಾಗೇ ಇದ್ದವು. ಹಾಗಾದರೆ ನಿಜವಾದ ಬೆಲೆ ಎಷ್ಟು? 900ನ್ನು 6ರಿಂದ ಭಾಗಿಸಿ, ಒಂದಕ್ಕೆ 150 ರೂಪಾಯಿ. ಅದರಲ್ಲಿ ಒಂದು ಒಡೆದೂ ಹೋಯಿತು.

ಆದ್ದರಿಂದ ದುಡ್ಡು ಕಡಿಮೆ ಇದ್ದಾಗ ಬಿಡಿಯಾಗಿ ಕೊಳ್ಳಿ. ಒಂದು ತಿಂಗಳು ಮನೆಯವರ ಹತ್ತಿರ ಚೀಟಿ ಬರೆಸಿ, ಯಾವ ಅಳತೆ ಎಷ್ಟು ಸಲ ಉಪಯೋಗಿಸಿದರು ಅಂತ. ಬೈಕಿನ ಕೆಲಸದಲ್ಲಿ 10, 12, 14, 17, 19, 24 ಎಂಎಂ ಹೆಚ್ಚು ಬರ್ತವೆ. ಕಾರಿನ ಚಕ್ರಕ್ಕೆ ಬಹಳ ಮಟ್ಟಿಗೆ 17, 19, 21 ಸಾಕು. ಟ್ರಾಕ್ಟರು ಲಾರಿಗೆ ದೊಡ್ಡ ಅಳತೆ, ಗಾಡಿ ನೋಡಿಯೇ ಕೊಳ್ಳಬೇಕು. ಚಕ್ರದ ಬೋಲ್ಟು ಉದ್ದ ಹೊರಗೆ ಬಂದಿದ್ದರೆ ಗಿಡ್ಡ ಸಾಕೆಟ್ ನಟ್ಟನ್ನು ಪೂರ್ತಿ ಹಿಡಿಯಲ್ಲ, ಅಲ್ಲಿ ಉದ್ದನೆಯದು, ಅಂದರೆ ಡೀಪ್ ಸಾಕೆಟ್ ಬೇಕು. ಅಲಾಯ್ ಚಕ್ರಕ್ಕೆ ಹೊರಗೆ ಪ್ಲಾಸ್ಟಿಕ್ ಕವಚ ಇರುವ ಸಾಕೆಟ್ ಸಿಗುತ್ತೆ, ಚಕ್ರಕ್ಕೆ ಗೀರು ಬೀಳಲ್ಲ.

ಯಾವ ಕಂಪನಿ ಅಂತ ಕೇಳ್ತೀರಿ. ನಾವು ಯಾರ ಪರವಾಗಿಯೂ ಮಾರಾಟಕ್ಕೆ ಬಂದಿಲ್ಲ. ಪಂಜಾಬಿನ ಜಲಂಧರ್, ಲುಧಿಯಾನದಲ್ಲಿ ಕೈ ಉಪಕರಣ ಮಾಡುವ ಕಾರ್ಖಾನೆಗಳು ಬಹಳ ಇವೆ. ನಾಸಿಕ್‌ನ ತಪಾರಿಯ ಹೆಸರು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. ತೈವಾನಿನ ಕಿಂಗ್ ಟೋನಿ, ಟಾಪ್‌ಟುಲ್ ಇವೆ. ಜಪಾನಿನ ಕೋಕೆನ್ ಬಹಳ ಹೆಸರುವಾಸಿ, ಬೆಲೆಯೂ ಹಾಗೇ ಜಾಸ್ತಿ. ದಿನವೂ ಉಪಯೋಗಿಸುವ ಎರಡು ಅಳತೆಯನ್ನು ಒಳ್ಳೆಯದರಲ್ಲಿ ತೆಗೆದುಕೊಂಡು, ಅಪರೂಪಕ್ಕೆ ಬೇಕಾದದ್ದನ್ನು ಸ್ವಲ್ಪ ಕಡಿಮೆ ಬೆಲೆಯದರಲ್ಲಿ ತೆಗೆದುಕೊಂಡರೂ ನಡೆಯುತ್ತೆ. ಆದರೆ ಹೆಸರಿಲ್ಲದ್ದು, ಬಿಲ್ಲು ಕೊಡದ ಕಡೆಯದ್ದು ಬೇಡ. ಹೆಸರುವಾಸಿ ಮಾಲಿಗೆ ನಕಲಿಯೂ ಇರುತ್ತೆ. ಚಿಂತಾಮಣಿಯಲ್ಲೇ ಕೊಳ್ಳಿ, ಬೆಂಗಳೂರಿನ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆ ಕಡೆ ಹೋಗಿಯೇ ಕೊಳ್ಳಿ, ಬಿಲ್ಲು ಕೇಳಿ, ವಾರಂಟಿ ಇದೆಯಾ ಕೇಳಿ. ಬಸ್ ಚಾರ್ಜನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಸಾಲದ ಲೆಕ್ಕ

ಈಗ ನಮ್ಮ ವಿಷಯಕ್ಕೆ ಬರೋಣ. 3,000 ರೂಪಾಯಿ ಬೇಕು ಅಂತ ಇಟ್ಟುಕೊಳ್ಳೋಣ. ಸಂಘದಲ್ಲಿ ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ, ತಿಂಗಳಿಗೆ 300ರಂತೆ 10 ಕಂತು. ಮೊದಲ ತಿಂಗಳು ಬಡ್ಡಿ 60, ಎರಡನೇ ತಿಂಗಳು 54, ಹೀಗೆ ಇಳಿಯುತ್ತಾ ಹೋಗಿ ಕೊನೆಗೆ 6. ಒಟ್ಟು ಬಡ್ಡಿ 330 ರೂಪಾಯಿ. ಆ 330 ಕೂಡ ಹೊರಗೆ ಹೋಗಲ್ಲ, ನಮ್ಮ ಸಂಘದಲ್ಲೇ ಉಳಿಯುತ್ತೆ. ಅದೇ ಹೊರಗಡೆ ನೂರಕ್ಕೆ 10 ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 300 ಬರೀ ಬಡ್ಡಿ. ಹತ್ತು ತಿಂಗಳಲ್ಲಿ 3,000 ಬಡ್ಡಿ ಕಟ್ಟಿದ ಮೇಲೂ ಅಸಲು 3,000 ಹಾಗೇ ಇರುತ್ತೆ.

1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿದಾಗ ಇಟ್ಟುಕೊಂಡ ಗುರಿ 500 ಸಂಘ ಮಾತ್ರ. ಅದಕ್ಕೂ ಮುಂಚೆ ನಮ್ಮ ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಇಂಥ ಸಣ್ಣ ಗುಂಪುಗಳನ್ನು ಕಟ್ಟಿತ್ತು. ಇಂಥ ಸಂಘಗಳನ್ನು ಕಟ್ಟಿದ್ದೇ ಸಣ್ಣ ಸಾಲಕ್ಕೆ ಬಡವರು ಮನೆ ಮನೆ ಅಲೆಯಬಾರದು ಅಂತ. ದೊಡ್ಡ ಮೊತ್ತ ಬೇಕಾದರೆ 2015ರಲ್ಲಿ ಶುರುವಾದ ಮುದ್ರಾ ಯೋಜನೆಯ ಶಿಶು ಸಾಲ ಇದೆ, 50,000 ರೂಪಾಯಿವರೆಗೆ, ಅಡಮಾನ ಬೇಡ. 2023ರ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕೆ 15,000 ರೂಪಾಯಿವರೆಗೆ ಸಹಾಯ ಇದೆ. ಆದರೆ ಅದು 18 ಕಸುಬುಗಳಿಗೆ. ಕಮ್ಮಾರರು, ಬಡಗಿಗಳು, ದರ್ಜಿಗಳು ಅದರಲ್ಲಿ ಇದ್ದಾರೆ, ಮೋಟಾರ್ ಮೆಕ್ಯಾನಿಕ್ ಇಲ್ಲ. ಯಾರಾದರೂ "ಅದರಲ್ಲಿ ಮಾಡಿಸಿಕೊಡ್ತೀನಿ" ಅಂತ ಮೆಕ್ಯಾನಿಕ್ ಮನೆಯವರ ಹತ್ತಿರ ದುಡ್ಡು ಕೇಳಿದರೆ ಕೊಡಬೇಡಿ.

ತಂದ ಮೇಲೆ

ಒಳ್ಳೆ ಸಾಮಾನೂ ಆರೈಕೆ ಇಲ್ಲದಿದ್ದರೆ ಹಾಳು. ಕಪ್ಪು ಲೇಪಕ್ಕೆ ತುಕ್ಕು ಬೇಗ ಹಿಡಿಯುತ್ತೆ. ಸಂಜೆ ಒರೆಸಿ, ಎಣ್ಣೆ ಬಟ್ಟೆಯಲ್ಲಿ ಒಂದು ಸಲ ಉಜ್ಜಿ ಇಡಬೇಕು. ಸೀಳು ಕಂಡರೆ, ಚೌಕದ ತೂತು ಸವೆದು ಗುಂಡಗಾದರೆ, ಆ ಸಾಕೆಟ್ಟನ್ನು ಗುಜರಿಗೆ ಹಾಕಿ. ವೆಲ್ಡಿಂಗ್ ಮಾಡಿಸಬೇಡಿ, ಕಾಯಿಸಿದರೆ ಉಕ್ಕಿನ ಹದ ಹೋಗುತ್ತೆ. ಗನ್ನಿಗೆ ಹಾಕುವ ಎಕ್ಸ್‌ಟೆನ್ಷನ್ ರಾಡೂ ಇಂಪ್ಯಾಕ್ಟಿನದ್ದೇ ಆಗಿರಬೇಕು. ನಟ್ಟನ್ನು ಮೊದಲು ಕೈಯಲ್ಲಿ ಎರಡು ಮೂರು ಸುತ್ತು ಹತ್ತಿಸಿ ಆಮೇಲೆ ಗನ್ ಹಿಡಿಯಬೇಕು, ಕೊನೆಯ ಬಿಗಿ ಟಾರ್ಕ್ ವ್ರೆಂಚಿನಲ್ಲಿ ನೋಡಬೇಕು. ಗನ್ನಿನಿಂದಲೇ ವಿಪರೀತ ಬಿಗಿದರೆ ಬೋಲ್ಟು ಹರಿಯುತ್ತೆ, ಗಾಡಿಯವರು ದಾರಿಯಲ್ಲಿ ನಿಲ್ಲಬೇಕಾಗುತ್ತೆ.

ಎಲ್ಲಕ್ಕಿಂತ ಮುಖ್ಯ, ಕಣ್ಣಿಗೆ ಕನ್ನಡಕ. ಎಂಥ ದುಬಾರಿ ಸಾಕೆಟ್ ಆದರೂ ಒಂದು ದಿನ ಸವೆಯುತ್ತೆ. ಸಾಕೆಟ್ ಕೊಳ್ಳುವ ದಿನವೇ ಕನ್ನಡಕವನ್ನೂ ಕೊಳ್ಳಿ, ಅದನ್ನೂ ಸಾಲದ ಅರ್ಜಿಯಲ್ಲೇ ಬರೆಯಿರಿ.

ಕೊನೆಯ ಮಾತು

ಆ ಅಕ್ಕನ ಕಥೆ ಏನಾಯಿತು ಅಂತ ಕೇಳ್ತೀರಿ. ನಾವು ಅವರನ್ನೇ ಜೊತೆಗೆ ಕರೆದುಕೊಂಡು ಅಂಗಡಿಗೆ ಹೋದೆವು. ಸೆರಗಿನಲ್ಲಿ ಒಡೆದ ಸಾಕೆಟ್ಟು, ಕೈಯಲ್ಲಿ ಚೀಟಿ, ಚೀಲದಲ್ಲಿ ಎರಡು ನಟ್ಟು. ಅಂಗಡಿಯವರು ಮೊದಲು ತೋರಿಸಿದ್ದನ್ನು ಅವರು ಕೂರಿಸಿ ನೋಡಿ, "ಇದು ಲೊಡಲೊಡ ಅಂತದೆ, ಬೇರೆ ಕೊಡಿ" ಅಂದರು. 14, 17, 19, 21, 24, ಐದು ಸಾಕೆಟ್ಟು, ಬಿಲ್ಲು 1,640 ರೂಪಾಯಿ. ಬಿಲ್ಲು ಅವರ ಹೆಸರಿನಲ್ಲೇ ಮಾಡಿಸಿದೆವು. ಎರಡನೇ ಸಾಲ ಕೊಡೋಕೆ ಸಂಘದಲ್ಲಿ ಇಬ್ಬರು ಕೊನೆಯವರೆಗೂ ಒಪ್ಪಲಿಲ್ಲ. ಅದೂ ತಪ್ಪಲ್ಲ, ದುಡ್ಡು ಎಲ್ಲರದ್ದೂ. ಉಳಿದವರು ಒಪ್ಪಿದರು. ತಡವಾದರೂ ಎರಡೂ ಸಾಲ ತೀರಿತು.

ಒಂದೂವರೆ ವರ್ಷ ಆದ ಮೇಲೆ ಹೋಗಿ ನೋಡಿದೆವು. ನಾಲ್ಕು ಸಾಕೆಟ್ಟು ಕೆಲಸ ಮಾಡ್ತಾ ಇದ್ದವು. 24ರದ್ದು ಇರಲಿಲ್ಲ. ಮುರಿಯಿತಾ ಅಂತ ಗಾಬರಿಯಿಂದ ಕೇಳಿದರೆ, "ಇಲ್ಲಮ್ಮಾ, ಉರುಸಿನ ಗಲಾಟೆಯಲ್ಲಿ ಯಾರೋ ತಗೊಂಡು ಹೋದರು" ಅಂತ ನಕ್ಕರು. ಮನೆಯವರ ಹುಬ್ಬಿನ ಮೇಲೆ ಗಾಯದ ಗುರುತು ಇನ್ನೂ ಇದೆ. ಕಣ್ಣಿಗೆ ಕನ್ನಡಕವೂ ಇತ್ತು.

ಅದಕ್ಕೇ ಒಂದು ತೀರ್ಮಾನ ಮಾಡೋಣ. ಮುಂದಿನ ತಿಂಗಳಿಂದ ಗ್ಯಾರೇಜಿನ ಸಾಮಾನಿಗೆ ಸಾಲದ ಅರ್ಜಿ ಬಂದರೆ ನಾಲ್ಕು ಪ್ರಶ್ನೆ ಕೇಳೋಣ. ಗನ್ನಿಗಾ, ಕೈಗಾ? ಯಾವ ಅಳತೆ, ಎಷ್ಟು ಸಲ ಬೇಕಾಗುತ್ತೆ? ಬಿಲ್ಲು ಸಿಗುತ್ತಾ? ಕನ್ನಡಕ ಇದೆಯಾ? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯೋಣ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದಾರೆ. ಜೊತೆಗೆ ಆ ಹಾಸಿಗೆ ಹರಿದಿದೆಯಾ ಅಂತಲೂ ಒಂದು ಸಲ ನೋಡಿಕೊಳ್ಳೋಣ.

ಇವತ್ತು ಮನೆಗೆ ಹೋದ ಮೇಲೆ ಟೂಲ್ ಡಬ್ಬಿ ತೆಗೆಸಿ. ಗನ್ನಿನ ಮೂತಿಯಲ್ಲಿ ಹೊಳೆಯುವ ಸಾಕೆಟ್ ಕಂಡರೆ ಇವತ್ತೇ ತೆಗೆದಿಡಿ. ಹೊಸದು ಕೊಳ್ಳುವವರೆಗೂ ಕೈ ಪಾನಾದಲ್ಲೇ ಕೆಲಸ ನಡೆಯಲಿ. ಕೆಲಸ ನಿಧಾನವಾದರೆ ಆಗಲಿ, ಕಣ್ಣು ಉಳಿಯಲಿ.